ಫೋಕರ್ ಫ್ರೆಂಡ್‌ಶಿಪ್ ವಿಮಾನದ ಚಿತ್ರಕಾರ್ಡುಗಳ ಸಂಗ್ರಹ

ಫೋಕರ್ ಎಫ್-27 ಫ್ರೆಂಡ್‌ಶಿಪ್ ಎಂಬ ಡಚ್ಚರ ಟರ್ಬೊಪ್ರಾಪ್ ಪ್ರಯಾಣಿಕ ವಿಮಾನವನ್ನು ಚಿತ್ರಿಸುವ ಅಂಚೆಕಾರ್ಡುಗಳನ್ನು ಅರಸಿ ತಂದು, ವರ್ಗೀಕರಿಸಿ, ಅವುಗಳ ಕಾಲದೇಶಗಳನ್ನು ನಿರ್ಣಯಿಸಿ, ಕೆಡದಂತೆ ಕಾಪಾಡುವ ಹವ್ಯಾಸ. ಚಿತ್ರಕಾರ್ಡುಗಳ ಸಂಗ್ರಹದಲ್ಲಿ ವಿಮಾನಯಾನಕ್ಕೆ ಸಂಬಂಧಿಸಿದುದು ಒಂದು ಶಾಖೆ. ಆ ಶಾಖೆಯೊಳಗೆ ಒಂದೇ ಜಾತಿಯ ವಿಮಾನಕ್ಕೆ ಮೀಸಲಾದುದು ಇನ್ನೂ ಕಿರಿದಾದ ಉಪಶಾಖೆ. ಹೀಗೆ ತಮ್ಮ ಕ್ಷೇತ್ರವನ್ನು ಸಂಕುಚಿತಗೊಳಿಸಿಕೊಂಡವರ ಪೈಕಿ ಹಲವರು ಫ್ರೆಂಡ್‌ಶಿಪ್ ವಿಮಾನವನ್ನು ಆರಿಸಿಕೊಳ್ಳುವುದಕ್ಕೆ ಕಾರಣವುಂಟು. 1958ರಿಂದ ಮೊದಲ್ಗೊಂಡು ಹಲವು ದಶಕಗಳ ಕಾಲ ಐರ್ಲೆಂಡಿನಿಂದ ನ್ಯೂಜಿಲೆಂಡಿನವರೆಗೆ, ಅಲಾಸ್ಕದಿಂದ ಅರ್ಜೆಂಟೀನದವರೆಗೆ, ದೊಡ್ಡ ನಗರಗಳಿಗೂ ಸಣ್ಣ ಪಟ್ಟಣಗಳಿಗೂ ನಡುವೆ ಓಡಾಡಿದ ಈ ವಿಮಾನವನ್ನು ಕೊಂಡ ಸಂಸ್ಥೆಗಳಲ್ಲಿ ಬಹುಪಾಲು ಇಂದು ಹೆಸರು ಬದಲಿಸಿವೆ, ಇಲ್ಲವೆ ಮತ್ತೊಂದರಲ್ಲಿ ಲೀನವಾಗಿವೆ, ಇಲ್ಲವೆ ಮುಚ್ಚಿಹೋಗಿವೆ. ಅವು ಪ್ರಯಾಣಿಕರಿಗೆ ಪುಕ್ಕಟೆಯಾಗಿ ಹಂಚಿದ ಕಾರ್ಡುಗಳು ಮಾತ್ರ ಅಲ್ಲಲ್ಲಿ ಉಳಿದುಕೊಂಡು ಆ ಸಂಸ್ಥೆಗಳ ಇತಿಹಾಸಕ್ಕೆ ಆಧಾರಗಳಾಗಿ ಪರಿಣಮಿಸಿವೆ. ಕಾರ್ಡಿನ ಮುಂಬದಿಯು, ತನ್ನನ್ನು ಕುರಿತು ಲೋಕ ಏನೆಂದು ತಿಳಿಯಬೇಕೆಂದು ಸಂಸ್ಥೆ ಬಯಸಿತೋ ಅದನ್ನು ಹೇಳುತ್ತದೆ. ಹಿಂಬದಿಯಾದರೋ ಸಂಸ್ಥೆ ಹೇಳಲು ಉದ್ದೇಶಿಸದ ಸಂಗತಿಗಳನ್ನೂ ಹೇಳಿಬಿಡುತ್ತದೆ. ಈ ಎರಡು ಬದಿಗಳನ್ನೂ ಕೂಡಿಸಿ ಓದುವುದೇ ಈ ಹವ್ಯಾಸದ ಮುಖ್ಯ ಶಿಸ್ತು.

ವಿಮಾನ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜಗತ್ತಿನ ಸಣ್ಣ ಮಾರ್ಗಗಳ ವಿಮಾನಸಂಚಾರ ಬಹುಮಟ್ಟಿಗೆ ಯುದ್ಧಕಾಲದಲ್ಲಿ ಹೇರಳವಾಗಿ ತಯಾರಾಗಿದ್ದ ಡಕೋಟ ವಿಮಾನಗಳಿಂದಲೇ ನಡೆಯುತ್ತಿದ್ದಿತು. ಗಾಳಿಯ ಒತ್ತಡವನ್ನು ಕಾಯ್ದಿಡುವ ಏರ್ಪಾಡಿಲ್ಲದ ಡಕೋಟ ಮೋಡಗಳ ನಡುವೆಯೇ ತೂರಿಹೋಗಬೇಕಾಗುತ್ತಿದ್ದುದರಿಂದ, ಪ್ರಯಾಣಿಕರಿಗೆ ಅದು ಸುಖಕರವಾದ ವಾಹನವಾಗಿರಲಿಲ್ಲ. ಅದಕ್ಕೆ ಬದಲಿಯನ್ನು ಒದಗಿಸಬೇಕೆಂದು ಹೊರಟ ಹಲವು ದೇಶಗಳ ಕಾರ್ಖಾನೆಗಳಲ್ಲಿ ಆಮ್ಸ್ಟರ್‌ಡ್ಯಾಮಿನ ಫೋಕರ್ ಸಂಸ್ಥೆ ಒಂದು. ಅದರ ಸ್ಥಾಪಕನಾದ ಆಂಥನಿ ಫೋಕರ್ ಜಾವಾದ್ವೀಪದಲ್ಲಿ 1890ರಲ್ಲಿ ಜನಿಸಿ 1939ರಲ್ಲಿ ತೀರಿಕೊಂಡಿದ್ದನು; ಯುದ್ಧಾನಂತರ ಆ ಸಂಸ್ಥೆ ಡಚ್ ಸರ್ಕಾರದ ನೆರವಿನಿಂದ ಕೈಗೊಂಡ ದೊಡ್ಡ ಸಾಹಸವೇ ಎಫ್-27.

ಇದರ ಮೊದಲ ಮಾದರಿ 1955ರ ನವೆಂಬರ್ 24ರಂದು ಸ್ಕಿಪೋಲ್ ನಿಲ್ದಾಣದಿಂದ ಮೇಲೇರಿತು. ರೆಕ್ಕೆಯನ್ನು ಒಡಲಿನ ಮೇಲ್ಭಾಗದಲ್ಲಿ ಕೂರಿಸಿ, ಅದರಡಿಯಲ್ಲಿ ಎರಡು ರೋಲ್ಸ್-ರಾಯ್ಸ್ ಡಾರ್ಟ್ ಎಂಜಿನುಗಳನ್ನು ಜೋಡಿಸಿ, ಒಡಲಿನೊಳಗೆ ಗಾಳಿಯ ಒತ್ತಡವನ್ನು ಕಾಯ್ದಿಡುವ ವ್ಯವಸ್ಥೆಯನ್ನು ಕಲ್ಪಿಸಿ ರಚಿಸಿದ ಈ ವಿಮಾನದಲ್ಲಿ, ಲೋಹದ ತಗಡುಗಳನ್ನು ಅನೇಕ ಕಡೆ ಮೊಳೆಗಳಿಗೆ ಬದಲಾಗಿ ಬಲವಾದ ಅಂಟಿನಿಂದ ಬೆಸೆಯಲಾಗಿತ್ತು. ಗಾಲಿಗಳನ್ನು ಮಡಿಚುವುದಕ್ಕೂ ತಡೆಯುವುದಕ್ಕೂ ಎಣ್ಣೆಯ ಒತ್ತಡವನ್ನು ಬಿಟ್ಟು ಅದುಮಿದ ಗಾಳಿಯನ್ನೇ ಬಳಸಲಾಗಿತ್ತು. ಅಮೆರಿಕದ ಫೇರ್‌ಚೈಲ್ಡ್ ಸಂಸ್ಥೆ 1956ರಲ್ಲಿ ಪರವಾನಗಿ ಪಡೆದು ಮೇರಿಲ್ಯಾಂಡಿನ ಹೇಗರ್ಸ್‌ಟೌನಿನಲ್ಲಿ ಇದನ್ನು ತಯಾರಿಸತೊಡಗಿತು. ಹೀಗಾಗಿ ಮೂಲವು ಯುರೋಪಿನದಾದರೂ ಪ್ರಯಾಣಿಕರನ್ನು ಹೊತ್ತು ಮೊದಲು ಹಾರಿದ್ದು ಅಮೆರಿಕದಲ್ಲಿ. 1958ರ ಸೆಪ್ಟೆಂಬರಿನಲ್ಲಿ ವೆಸ್ಟ್ ಕೋಸ್ಟ್ ಏರ್‌ಲೈನ್ಸ್ ಇದನ್ನು ಸಂಚಾರಕ್ಕೆ ಬಿಟ್ಟಿತು, ಅದೇ ವರ್ಷದ ಡಿಸೆಂಬರಿನಲ್ಲಿ ಐರ್ಲೆಂಡಿನ ಏರ್ ಲಿಂಗಸ್ ಅದನ್ನು ಅನುಸರಿಸಿತು. 1987ರವರೆಗೆ ಫೋಕರ್ ಕಾರ್ಖಾನೆಯಿಂದ 586 ವಿಮಾನಗಳು ಹೊರಬಂದುವು. ಫೇರ್‌ಚೈಲ್ಡ್ ತಯಾರಿಸಿದುವು ಇನ್ನೂರಕ್ಕೂ ಮಿಕ್ಕು. ಇಷ್ಟು ಸಂಖ್ಯೆಯ ವಿಮಾನಗಳು ಕೈಯಿಂದ ಕೈಗೆ ಮಾರಾಟವಾಗಿ, ಪ್ರತಿ ಮಾರಾಟದಲ್ಲಿಯೂ ಹೊಸ ಬಣ್ಣವನ್ನು ಧರಿಸಿದುದರಿಂದ, ಸಂಗ್ರಾಹಕನ ಪಾಲಿಗೆ ಈ ಕ್ಷೇತ್ರ ಬರಿದಾಗುವ ಸಂಭವ ಕಡಿಮೆ.

ಚಿತ್ರಕಾರ್ಡು ಮತ್ತು ವಿಮಾನಸಂಸ್ಥೆ

ಅಂಚೆಕಾರ್ಡು 1869ರಲ್ಲಿ ಆಸ್ಟ್ರಿಯ-ಹಂಗೆರಿಯಲ್ಲಿ ಮೊದಲು ಚಲಾವಣೆಗೆ ಬಂದಿತು; ಭಾರತದಲ್ಲಿ 1879ರ ಜುಲೈನಿಂದ ಕಾಲಾಣೆಯ ಕಾರ್ಡು ದೊರೆಯತೊಡಗಿತು. ಮೊದಮೊದಲು ಹಿಂಬದಿಯೆಲ್ಲ ವಿಳಾಸಕ್ಕೇ ಮೀಸಲಾಗಿದ್ದು, ಬರೆಯಬೇಕಾದುದನ್ನು ಚಿತ್ರದ ಅಂಚಿನಲ್ಲಿ ಇಕ್ಕಟ್ಟಾಗಿ ಬರೆಯಬೇಕಾಗಿದ್ದಿತು. ಬ್ರಿಟನ್ 1902ರಲ್ಲಿಯೂ ಅಮೆರಿಕ 1907ರಲ್ಲಿಯೂ ಹಿಂಬದಿಯನ್ನು ಇಬ್ಭಾಗಿಸಿ, ಒಂದು ಭಾಗವನ್ನು ಸಂದೇಶಕ್ಕೆ ಬಿಟ್ಟುಕೊಟ್ಟ ಮೇಲೆ ಮುಂಬದಿ ಸಂಪೂರ್ಣವಾಗಿ ಚಿತ್ರಕ್ಕೆ ದಕ್ಕಿತು. ಅದರಿಂದಲೇ ಕಾರ್ಡು ಜಾಹೀರಾತಿನ ಸಾಧನವಾಗುವುದು ಸಾಧ್ಯವಾಯಿತು.

ಪ್ರಯಾಣಿಕ ವಿಮಾನಯಾನ ಬಲಿತಂತೆ ಸಂಸ್ಥೆಗಳು ಈ ಸಾಧನವನ್ನು ಕೈಗೆತ್ತಿಕೊಂಡುವು. ಆಸನದ ಬೆನ್ನಿಗಿರುವ ಚೀಲದಲ್ಲಿ ವೇಳಾಪಟ್ಟಿ, ಸುರಕ್ಷತಾ ಸೂಚನೆ ಮೊದಲಾದವುಗಳ ಜೊತೆಗೆ ತಮ್ಮ ವಿಮಾನದ ಚಿತ್ರವಿರುವ ಕಾರ್ಡನ್ನಿಟ್ಟು, ಪ್ರಯಾಣಿಕನು ಬರೆದುಕೊಟ್ಟರೆ ಅದನ್ನು ತಾವೇ ಅಂಚೆಗೆ ಹಾಕುವುದು ಹಲವು ಸಂಸ್ಥೆಗಳ ಪದ್ಧತಿಯಾಗಿತ್ತು. ಒಂದು ಕಾರ್ಡಿನ ಮುದ್ರಣವೆಚ್ಚ ಅತ್ಯಲ್ಪ. ಅದನ್ನು ಓದುವವರಾದರೋ ಪ್ರಯಾಣಿಕನ ಬಂಧುಮಿತ್ರರು, ಎಂದರೆ ವಿಮಾನವನ್ನು ಇನ್ನೂ ಹತ್ತದವರು. ಆ ಕಾರಣದಿಂದ ವಿಮಾನದ ರೂಪ ಆಕರ್ಷಕವಾಗಿ ಕಾಣುವಂತೆ ಸಂಸ್ಥೆಗಳು ವಿಶೇಷ ಶ್ರಮವಹಿಸುತ್ತಿದ್ದುವು. ಫ್ರೆಂಡ್‌ಶಿಪ್ ವಿಮಾನದ ಎತ್ತರದ ರೆಕ್ಕೆ ಇದಕ್ಕೆ ಬಲು ಅನುಕೂಲವಾಗಿದ್ದಿತು; ಕಿಟಕಿಯಿಂದ ಹೊರನೋಡುವವನಿಗೆ ನೆಲ ಮರೆಯಾಗುತ್ತಿರಲಿಲ್ಲ, ಅದರ ದೊಡ್ಡ ಅಂಡಾಕಾರದ ಕಿಟಕಿಗಳ ಸಾಲು ಚಿತ್ರದಲ್ಲಿಯೂ ಅಡೆತಡೆಯಿಲ್ಲದೆ ಕಾಣುತ್ತಿದ್ದಿತು. ಈ ಸೌಲಭ್ಯವನ್ನು ಹೊಗಳುವ ಒಕ್ಕಣೆಗಳು ಕಾರ್ಡುಗಳ ಹಿಂಬದಿಯಲ್ಲಿ ಹೆಚ್ಚಾಗಿ ಕಾಣಬರುತ್ತವೆ.

ವರ್ಗಗಳು

ಸಂಗ್ರಾಹಕರು ಈ ಕಾರ್ಡುಗಳನ್ನು ಪ್ರಕಟಿಸಿದವರನ್ನು ಅನುಸರಿಸಿ ನಾಲ್ಕು ವರ್ಗಗಳಾಗಿ ವಿಂಗಡಿಸುವುದು ವಾಡಿಕೆ. ಮೊದಲನೆಯದು ವಿಮಾನಸಂಸ್ಥೆಯೇ ಹೊರಡಿಸಿದ ಕಾರ್ಡು. ಇದರ ಹಿಂಬದಿಯಲ್ಲಿ ಸಂಸ್ಥೆಯ ಹೆಸರು, ಲಾಂಛನ, ಕೆಲವೊಮ್ಮೆ ಮುದ್ರಣಾದೇಶದ ಸಂಖ್ಯೆ ಇರುತ್ತವೆ. ಸಂಗ್ರಾಹಕರು ಬೆಲೆಯಲ್ಲಿಯೂ ಗೌರವದಲ್ಲಿಯೂ ಇದಕ್ಕೇ ಪ್ರಥಮಸ್ಥಾನವನ್ನು ಕೊಡುತ್ತಾರೆ. ಎರಡನೆಯದು ತಯಾರಕರ ಕಾರ್ಡು. ಗಿರಾಕಿಗಳನ್ನು ಒಲಿಸಿಕೊಳ್ಳುವುದಕ್ಕಾಗಿ ಕಾರ್ಖಾನೆಯೇ ಮುದ್ರಿಸಿ ಹಂಚುತ್ತಿದ್ದುದು. ಮೂರನೆಯದು ವಿಮಾನನಿಲ್ದಾಣದ ಕಾರ್ಡು. ಇದರಲ್ಲಿ ಕಟ್ಟಡವೇ ಮುಖ್ಯ, ವಿಮಾನವು ಪ್ರಾಸಂಗಿಕ. ಊರಿನ ದೃಶ್ಯಗಳನ್ನು ಮಾರುತ್ತಿದ್ದ ಸಾಮಾನ್ಯ ಪ್ರಕಾಶಕರು ದೇವಾಲಯ, ಸೇತುವೆ, ಸಮುದ್ರತೀರಗಳ ಸಾಲಿನಲ್ಲಿ ತಮ್ಮೂರಿನ ವಿಮಾನನಿಲ್ದಾಣವನ್ನೂ ಸೇರಿಸಿ ಪ್ರಕಟಿಸುತ್ತಿದ್ದರು. ಐರ್ಲೆಂಡಿನಲ್ಲಿ ಉಜ್ಜ್ವಲವರ್ಣಗಳಿಗೆ ಹೆಸರಾದ ಜಾನ್ ಹಿಂಡ್ ಸಂಸ್ಥೆ ಇಂಥವುಗಳಲ್ಲೊಂದು. ನಾಲ್ಕನೆಯದು ಸಂಗ್ರಾಹಕರಿಗಾಗಿಯೇ ಪ್ರಕಟವಾದ ಕಾರ್ಡು. 1970ರ ದಶಕದಿಂದೀಚೆಗೆ ಅಮೆರಿಕದ ಮೇರಿ ಜೇನ್ಸ್ ರೈಲ್‌ರೋಡ್ ಸ್ಪೆಷಾಲಿಟೀಸ್, ಪ್ಯಾರಿಸ್ಸಿನ ಎಡಿಸಿಯೋಂ ಪಿ.ಐ. ಮೊದಲಾದ ಪ್ರಕಾಶಕರು ಹವ್ಯಾಸಿ ಛಾಯಾಗ್ರಾಹಕರ ಚಿತ್ರಗಳನ್ನು ಕಾರ್ಡುಗಳಾಗಿಸಿ ಮಾರಿದರು. ಸ್ವಂತ ಕಾರ್ಡನ್ನು ಮುದ್ರಿಸಲಾರದಷ್ಟು ಸಣ್ಣ ಸಂಸ್ಥೆಗಳ ವಿಮಾನಗಳು ಎಷ್ಟೋ ವೇಳೆ ಈ ವರ್ಗದ ಕಾರ್ಡುಗಳಲ್ಲಿ ಮಾತ್ರವೇ ಸಿಕ್ಕುತ್ತವೆ. ಆದುದರಿಂದ ಬೆಲೆ ಕಡಿಮೆಯಾದರೂ ಇವುಗಳ ದಾಖಲೆಯ ಯೋಗ್ಯತೆ ಕಡಿಮೆಯೆಂದು ಹೇಳಲಾಗುವುದಿಲ್ಲ.

ಇವಲ್ಲದೆ, ಅಂಚೆಚೀಟಿಯನ್ನು ಚಿತ್ರದ ಮೇಲೆಯೇ ಅಂಟಿಸಿ, ಚೀಟಿ, ಚಿತ್ರ, ಠಸ್ಸೆಗಳು ಮೂರೂ ಒಂದೇ ವಿಷಯವನ್ನು ಹೇಳುವಂತೆ ಹೊಂದಿಸಿದ ಮ್ಯಾಕ್ಸಿಮಮ್ ಕಾರ್ಡುಗಳು ಅಂಚೆಚೀಟಿಗಳ ಸಂಗ್ರಹಕ್ಕೂ ಚಿತ್ರಕಾರ್ಡುಗಳ ಸಂಗ್ರಹಕ್ಕೂ ಸಮಾನವಾಗಿ ಸೇರಿದುವು.

ಚಿತ್ರದಿಂದ ಗುರುತಿಸುವಿಕೆ

ಕಾರ್ಡಿನ ಒಕ್ಕಣೆಯನ್ನು ನಂಬಿ ವಿಮಾನದ ಜಾತಿಯನ್ನು ನಿಶ್ಚಯಿಸುವುದು ಅಪಾಯಕರ. ಊರಿನ ಚಿತ್ರಗಳನ್ನು ಮಾರುವ ಪ್ರಕಾಶಕರಿಗೆ ವಿಮಾನಗಳ ಭೇದ ಅಷ್ಟಾಗಿ ತಿಳಿದಿರಲಿಲ್ಲ. ಎರಡು ಎಂಜಿನುಗಳುಳ್ಳ, ರೆಕ್ಕೆ ಮೇಲಿರುವ ಟರ್ಬೊಪ್ರಾಪ್ ವಿಮಾನಗಳು ಆ ಕಾಲದಲ್ಲಿಯೇ ಮುಖ್ಯವಾಗಿ ಇನ್ನೆರಡಿದ್ದುವು: ಬ್ರಿಟನ್ನಿನ ಹ್ಯಾಂಡ್ಲಿ ಪೇಜ್ ಹೆರಾಲ್ಡ್ ಮತ್ತು ಸೋವಿಯತ್ ದೇಶದ ಆಂಟೊನೊವ್ ಆನ್-24. ಹೆರಾಲ್ಡ್ ವಿಮಾನಕ್ಕೂ ಡಾರ್ಟ್ ಎಂಜಿನುಗಳೇ ಇದ್ದು, ದೂರದ ಚಿತ್ರಗಳಲ್ಲಿ ಅದು ಫ್ರೆಂಡ್‌ಶಿಪ್ ಎಂಬ ಭ್ರಾಂತಿಯನ್ನು ಸುಲಭವಾಗಿ ಹುಟ್ಟಿಸುತ್ತದೆ; ಆಂಟೊನೊವಿನ ರೆಕ್ಕೆಯಾದರೋ ತುದಿಯ ಕಡೆಗೆ ಸ್ವಲ್ಪ ಕೆಳಕ್ಕೆ ಬಾಗಿರುವುದರಿಂದ ಬೇರೆಯಾಗಿ ಎದ್ದುಕಾಣುತ್ತದೆ. ಬ್ರಿಟನ್ನಿನ ಎಚ್.ಎಸ್.-748 ಮತ್ತು ಜಪಾನಿನ ವೈ.ಎಸ್.-11 ವಿಮಾನಗಳೂ ಡಾರ್ಟ್ ಎಂಜಿನುಗಳನ್ನೇ ಹೊಂದಿದ್ದರೂ ಅವುಗಳ ರೆಕ್ಕೆ ಒಡಲಿನ ಕೆಳಗಿರುವುದರಿಂದ ಗೊಂದಲಕ್ಕೆ ಅವಕಾಶವಿಲ್ಲ.

ಫ್ರೆಂಡ್‌ಶಿಪ್ ವಂಶದೊಳಗಿನ ಭೇದಗಳನ್ನು ಗುರುತಿಸುವುದು ಇನ್ನೂ ಸೂಕ್ಷ್ಮವಾದ ಕೆಲಸ. 1967ರಲ್ಲಿ ಮೊದಲು ಹಾರಿದ ಮಾರ್ಕ್ 500 ಎಂಬ ರೂಪದ ಒಡಲು ಮೊದಲಿನದಕ್ಕಿಂತ 1.5 ಮೀಟರು ಉದ್ದವಾಗಿದ್ದು, ಒಟ್ಟು ಉದ್ದ 25 ಮೀಟರು ದಾಟುತ್ತದೆ. ರೆಕ್ಕೆಯ ಹರವು ಮಾತ್ರ ಎರಡರಲ್ಲಿಯೂ 29 ಮೀಟರು. ಆದುದರಿಂದ ಓರೆಯಾಗಿ ತೆಗೆದ ಚಿತ್ರಗಳಲ್ಲಿ ಒಡಲಿಗೂ ರೆಕ್ಕೆಗೂ ಇರುವ ಪ್ರಮಾಣವನ್ನು ನೋಡುವುದಕ್ಕಿಂತ, ರೆಕ್ಕೆಯ ಮುಂದಕ್ಕೂ ಹಿಂದಕ್ಕೂ ಚಾಚಿದ ಕಿಟಕಿಸಾಲನ್ನು ಇನ್ನೊಂದು ಖಚಿತವಾದ ಚಿತ್ರದೊಡನೆ ಹೋಲಿಸುವುದು ಹೆಚ್ಚು ನಂಬಲರ್ಹವಾದ ಕ್ರಮ. ಫೇರ್‌ಚೈಲ್ಡ್ ಸಂಸ್ಥೆ 1966ರಿಂದ ಹಾರಿಸಿದ ಎಫ್.ಎಚ್.-227 ಇವೆರಡಕ್ಕಿಂತಲೂ ಉದ್ದ. ಹವಾಮಾನದ ರೇಡಾರನ್ನು ಒಳಗೊಂಡ ನೀಳವಾದ ಮೂತಿ, ಸರಕಿಗಾಗಿ ಮುಂಭಾಗದಲ್ಲಿರಿಸಿದ ದೊಡ್ಡ ಬಾಗಿಲು ಮುಂತಾದುವು ಮತ್ತೆ ಕೆಲವು ಕುರುಹುಗಳು. 1985ರ ಡಿಸೆಂಬರಿನಲ್ಲಿ ಮೊದಲು ಹಾರಿದ ಉತ್ತರಾಧಿಕಾರಿಯಾದ ಫೋಕರ್ 50 ವಿಮಾನವನ್ನು ಬೇರ್ಪಡಿಸುವುದು ಎಲ್ಲಕ್ಕಿಂತ ಸುಲಭ: ಅದರ ಪ್ರೊಪೆಲರಿಗೆ ನಾಲ್ಕರ ಬದಲು ಆರು ಅಲಗುಗಳು, ಮೂತಿಯಡಿಯಲ್ಲಿ ಒಂದರ ಬದಲು ಎರಡು ಗಾಲಿಗಳು, ದೊಡ್ಡ ಅಂಡಾಕಾರದ ಕಿಟಕಿಗಳ ಬದಲು ಒತ್ತೊತ್ತಾದ ಚಿಕ್ಕ ಕಿಟಕಿಗಳು.

ಎಲ್ಲಕ್ಕಿಂತ ದೃಢವಾದ ಆಧಾರವೆಂದರೆ ಬಾಲದ ಬಳಿ ಬರೆದ ನೋಂದಣಿಯ ಅಕ್ಷರಗಳು. ದೇಶವನ್ನು ಸೂಚಿಸುವ ಪೂರ್ವಾಕ್ಷರಗಳಾದ ನೆದರ್ಲೆಂಡಿನ ಪಿ.ಎಚ್., ಐರ್ಲೆಂಡಿನ ಇ.ಐ., ನಾರ್ವೆಯ ಎಲ್.ಎನ್., ಆಸ್ಟ್ರೇಲಿಯದ ವಿ.ಎಚ್., ಭಾರತದ ವಿ.ಟಿ., ಪಾಕಿಸ್ತಾನದ ಎ.ಪಿ. ಇವುಗಳನ್ನು ಸಂಗ್ರಾಹಕನು ಮೊದಲು ಕಂಠಸ್ಥ ಮಾಡಿಕೊಳ್ಳುತ್ತಾನೆ. ನೋಂದಣಿ ಗೊತ್ತಾದರೆ ಆ ಒಂದು ವಿಮಾನ ಯಾವಾಗ ತಯಾರಾಯಿತು, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಎಲ್ಲಿ ಕೊನೆಗೊಂಡಿತು ಎಂಬುದನ್ನೆಲ್ಲ ಪತ್ತೆಹಚ್ಚಬಹುದು. ಮೊದಲ ಮಾದರಿಯ ನೋಂದಣಿ ಪಿ.ಎಚ್.-ಎನ್.ಐ.ವಿ. ಎಂದಿದ್ದಿತು, ಕೊನೆಯ ಮೂರು ಅಕ್ಷರಗಳು ಅದರ ಅಭಿವೃದ್ಧಿಗೆ ಹಣವೊದಗಿಸಿದ ಡಚ್ ಸಂಸ್ಥೆಯ ಹೆಸರಿನ ಆದ್ಯಕ್ಷರಗಳು.

ಕಾಲನಿರ್ಣಯ

ಬಹುಪಾಲು ಕಾರ್ಡುಗಳ ಮೇಲೆ ಮುದ್ರಣದ ವರ್ಷವಿರುವುದಿಲ್ಲ. ಅಂಚೆಯಲ್ಲಿ ಸಾಗಿದ ಕಾರ್ಡಿನ ಠಸ್ಸೆಯಿಂದ ಅದು ಯಾವ ದಿನಕ್ಕಿಂತ ಮುಂಚೆ ಮುದ್ರಿತವಾಗಿದ್ದಿತೆಂಬುದು ತಿಳಿಯುತ್ತದೆಯೇ ಹೊರತು, ಎಂದು ಮುದ್ರಿತವಾಯಿತೆಂಬುದು ತಿಳಿಯುವುದಿಲ್ಲ. ಹಳೆಯ ದಾಸ್ತಾನನ್ನು ಸಂಸ್ಥೆಗಳು ವರ್ಷಾನುಗಟ್ಟಲೆ ಹಂಚುತ್ತಿದ್ದುದುಂಟು. ಪ್ರಯಾಣಿಕನ ಪರವಾಗಿ ಸಂಸ್ಥೆಯೇ ಅಂಚೆಗೆ ಹಾಕಿದ ಕಾರ್ಡಿನ ಠಸ್ಸೆಯಲ್ಲಿರುವ ಊರು ಪ್ರಯಾಣಿಕನು ಇಳಿದ ಊರೇ ಆಗಿರಬೇಕೆಂಬ ನಿಯಮವೂ ಇಲ್ಲ. ಆದುದರಿಂದ ಕಾಲದ ಮೇಲಿನ ಎಲ್ಲೆಯನ್ನು ಠಸ್ಸೆಯಿಂದಲೂ ಕೆಳಗಿನ ಎಲ್ಲೆಯನ್ನು ಇತರ ಲಕ್ಷಣಗಳಿಂದಲೂ ಕಂಡುಹಿಡಿಯಬೇಕಾಗುತ್ತದೆ.

ಅಮೆರಿಕದ ಪಶ್ಚಿಮಭಾಗದ ಕಾರ್ಡುಗಳು ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ವೆಸ್ಟ್ ಕೋಸ್ಟ್, ಪೆಸಿಫಿಕ್, ಬೊನಾಂಜ ಎಂಬ ಮೂರು ಸಂಸ್ಥೆಗಳು ಪ್ರತ್ಯೇಕವಾಗಿ ಫೇರ್‌ಚೈಲ್ಡ್ ಎಫ್-27 ವಿಮಾನಗಳನ್ನು ಓಡಿಸುತ್ತಿದ್ದುವು. ಬೊನಾಂಜ ತನ್ನ ವಿಮಾನಗಳನ್ನು ಸಿಲ್ವರ್ ಡಾರ್ಟ್ ಎಂದು ಕರೆಯುತ್ತಿದ್ದಿತು. 1968ರಲ್ಲಿ ಈ ಮೂರೂ ಒಂದುಗೂಡಿ ಏರ್ ವೆಸ್ಟ್ ಆದುವು. 1970ರಲ್ಲಿ ಹೊವರ್ಡ್ ಹ್ಯೂಸ್ ಅದನ್ನು ಕೊಂಡುಕೊಂಡ ಮೇಲೆ ಹೆಸರು ಹ್ಯೂಸ್ ಏರ್‌ವೆಸ್ಟ್ ಎಂದಾಯಿತು, ವಿಮಾನಗಳು ಕಡುಹಳದಿಯನ್ನು ಬಳಿದುಕೊಂಡುವು. 1980ರಲ್ಲಿ ಅದೂ ರಿಪಬ್ಲಿಕ್ ಸಂಸ್ಥೆಯಲ್ಲಿ ಲೀನವಾಯಿತು. ಹೀಗಿರಲಾಗಿ, ಸಂಗ್ರಾಹಕನ ಕೈಗೆ ಬಂದ ಠಸ್ಸೆಯಿಲ್ಲದ ಕಾರ್ಡೊಂದರಲ್ಲಿ ಬರಿಯ ಏರ್ ವೆಸ್ಟ್ ಎಂಬ ಹೆಸರಿದ್ದರೆ, ಆ ಚಿತ್ರ 1968 ಮತ್ತು 1970ರ ನಡುವಣದೆಂದು ಹೇಳಬಹುದು. ಬೊನಾಂಜ ಕಾರ್ಡಿನ ಹಿಂಬದಿಯಲ್ಲಿರುವ ಪ್ರಕಾಶಕನ ವಿಳಾಸದಲ್ಲಿ ಐದು ಅಂಕಿಗಳ ಜಿಪ್ ಸಂಖ್ಯೆಯಿದ್ದರೆ, ಆ ಸಂಖ್ಯೆ 1963ರ ಜುಲೈನಲ್ಲಿ ಜಾರಿಗೆ ಬಂದುದರಿಂದ, ಕಾರ್ಡು ಅದಕ್ಕಿಂತ ಹಿಂದಿನದಲ್ಲ. ಸಂಸ್ಥೆ 1968ರಲ್ಲಿ ಹೆಸರು ಕಳೆದುಕೊಂಡುದರಿಂದ ಅದಕ್ಕಿಂತ ಈಚಿನದೂ ಅಲ್ಲ. ಮುಂಬದಿಯ ಹೆಸರೂ ಹಿಂಬದಿಯ ವಿಳಾಸವೂ ಕೂಡಿ ಹತ್ತು ವರ್ಷಗಳ ಸಂದೇಹವನ್ನು ಐದಕ್ಕೆ ಇಳಿಸಿದ ಹಾಗಾಯಿತು.

ಭಾರತದ ಕಾರ್ಡುಗಳಲ್ಲಿ 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡು ಇಂಥದೇ ಉಪಕಾರ ಮಾಡುತ್ತದೆ. ನೆದರ್ಲೆಂಡಿನಲ್ಲಿ ಎನ್.ಎಲ್.ಎಂ. ಎಂಬ ಹೆಸರಿನಿಂದ 1966ರಲ್ಲಿ ಹುಟ್ಟಿದ ಸಂಸ್ಥೆ ಕಾಲಾನುಕ್ರಮದಲ್ಲಿ ಎನ್.ಎಲ್.ಎಂ. ಸಿಟಿಹಾಪರ್ ಎಂದೂ ಕೆ.ಎಲ್.ಎಂ. ಸಿಟಿಹಾಪರ್ ಎಂದೂ ಹೆಸರು ಬದಲಿಸಿದುದು, ನ್ಯೂಜಿಲೆಂಡಿನ ಎನ್.ಎ.ಸಿ. 1978ರಲ್ಲಿ ಏರ್ ನ್ಯೂಜಿಲೆಂಡಿನೊಳಗೆ ಸೇರಿದುದು, ಮಲೇಷಿಯ-ಸಿಂಗಪುರ ಏರ್‌ಲೈನ್ಸ್ 1972ರಲ್ಲಿ ಎರಡಾಗಿ ಒಡೆದುದು, ಇವೆಲ್ಲ ಇದೇ ಬಗೆಯ ಗಡಿಕಲ್ಲುಗಳು. ಕಾರ್ಡಿನ ಅಳತೆಯೂ ಗಮನಾರ್ಹ. ಹಳೆಯ ಅಳತೆ ಸುಮಾರು 9 ಸೆಂಟಿಮೀಟರು ಅಗಲ, 14 ಸೆಂಟಿಮೀಟರು ಉದ್ದ; ಯುರೋಪಿನಲ್ಲಿ ಕ್ರಮೇಣ ಪ್ರಚಾರಕ್ಕೆ ಬಂದ ದೊಡ್ಡ ಅಳತೆ 10.5 ಮತ್ತು 14.8 ಸೆಂಟಿಮೀಟರು.

ದೇಶವಾರು ಸಮೀಕ್ಷೆ

ಐರ್ಲೆಂಡಿನ ಏರ್ ಲಿಂಗಸ್ ಈ ವಿಮಾನವನ್ನು 1960ರ ದಶಕದ ನಡುವಿನಲ್ಲಿಯೇ ಕೈಬಿಟ್ಟುದರಿಂದ ಅದರ ಫ್ರೆಂಡ್‌ಶಿಪ್ ಕಾರ್ಡುಗಳ ಕಾಲಾವಧಿ ಕಿರಿದು. ನಾರ್ವೆಯ ಬ್ರಾಥೆನ್ಸ್ ಮೊದಲ ಗಿರಾಕಿಗಳಲ್ಲೊಂದು; ಐಸ್‌ಲೆಂಡಿನ ದೇಶಾಂತರ್ಗತ ಮಾರ್ಗಗಳಲ್ಲಿ 1965ರಿಂದ ಹಾರತೊಡಗಿದ ಫ್ರೆಂಡ್‌ಶಿಪ್ ವಿಮಾನಗಳು ರಸ್ತೆಗಳು ಹಿಮದಿಂದ ಮುಚ್ಚಿಹೋಗುವ ಆ ದ್ವೀಪದ ಊರುಗಳಿಗೆ ದೀರ್ಘಕಾಲ ಸಂಪರ್ಕಸಾಧನಗಳಾಗಿದ್ದುವು.

ಆಸ್ಟ್ರೇಲಿಯ ಈ ಸಂಗ್ರಹಕ್ಕೆ ಅತ್ಯಂತ ಫಲವತ್ತಾದ ನೆಲ. ದೇಶದ ಮುಖ್ಯ ಮಾರ್ಗಗಳಲ್ಲಿ ಸರ್ಕಾರದ ಟ್ರಾನ್ಸ್-ಆಸ್ಟ್ರೇಲಿಯ ಏರ್‌ಲೈನ್ಸ್, ಖಾಸಗಿಯಾದ ಆನ್ಸೆಟ್ ಎಂಬ ಎರಡೇ ಸಂಸ್ಥೆಗಳು ಸ್ಪರ್ಧಿಸಬೇಕೆಂಬ ಸರ್ಕಾರೀ ನೀತಿ ಅಲ್ಲಿ ಬಹುಕಾಲ ಜಾರಿಯಲ್ಲಿದ್ದು, ಒಂದು ಕೊಂಡ ವಿಮಾನವನ್ನೇ ಇನ್ನೊಂದೂ ಕೊಳ್ಳುವ ವಿಚಿತ್ರವಾದ ಪರಿಸ್ಥಿತಿ ಏರ್ಪಟ್ಟಿದ್ದಿತು. ಅದರ ಫಲವಾಗಿ ಒಂದೇ ಜಾತಿಯ ವಿಮಾನವನ್ನು ಎರಡು ಸಂಸ್ಥೆಗಳ ಬಣ್ಣಗಳಲ್ಲಿ ತೋರಿಸುವ ಜೋಡಿ ಕಾರ್ಡುಗಳನ್ನು ಕೂಡಿಸುವುದು ಸಂಗ್ರಾಹಕರಿಗೆ ಪ್ರಿಯವಾಗಿದೆ. 1960ರ ಜೂನ್ 10ರಂದು ಟ್ರಾನ್ಸ್-ಆಸ್ಟ್ರೇಲಿಯದ ಫ್ರೆಂಡ್‌ಶಿಪ್ ವಿಮಾನವೊಂದು ಕ್ವೀನ್ಸ್‌ಲ್ಯಾಂಡಿನ ಮಕಾಯ್ ಬಳಿ ಸಮುದ್ರಕ್ಕೆ ಬಿದ್ದು ಅದರಲ್ಲಿದ್ದ 29 ಮಂದಿಯೂ ಮೃತರಾದರು. ಆ ವಿಚಾರಣೆಯ ಫಲವಾಗಿ, ಹಾರಾಟದ ವಿವರಗಳನ್ನು ದಾಖಲಿಸುವ ಯಂತ್ರವನ್ನು ವಿಮಾನಗಳಲ್ಲಿ ಕಡ್ಡಾಯ ಮಾಡಿದ ಮೊದಲ ದೇಶಗಳ ಸಾಲಿಗೆ ಆಸ್ಟ್ರೇಲಿಯ ಸೇರಿತು. ಇಂಥ ದುರಂತಕ್ಕೊಳಗಾದ ವಿಮಾನದ ನೋಂದಣಿ ಸ್ಪಷ್ಟವಾಗಿ ಕಾಣುವ ಚಿತ್ರಗಳನ್ನು ಕೆಲವರು ಪ್ರತ್ಯೇಕವಾಗಿ ಅರಸುವುದುಂಟು. ಮತ್ತೆ ಕೆಲವರು ಅದನ್ನು ಅಭಿರುಚಿಗೆ ಒಪ್ಪದುದೆಂದು ತ್ಯಜಿಸುತ್ತಾರೆ.

ಏಷ್ಯಖಂಡದಲ್ಲಿ ಫಿಲಿಪೀನ್ಸ್, ಜಪಾನ್, ಬರ್ಮ, ಇಂಡೊನೇಷ್ಯ, ಮಲೇಷಿಯಗಳ ಸಂಸ್ಥೆಗಳೆಲ್ಲವೂ ಈ ವಿಮಾನವನ್ನು ಬಳಸಿದುವು. ಪಾಕಿಸ್ತಾನ ಇಂಟರ್‌ನ್ಯಾಷನಲ್ ಏರ್‌ಲೈನ್ಸ್ 1961ರಲ್ಲಿ ಕೊಳ್ಳತೊಡಗಿ 2006ರವರೆಗೂ, ಎಂದರೆ ಆ ವರ್ಷದ ಜುಲೈನಲ್ಲಿ ಮುಲ್ತಾನದ ಬಳಿ ಸಂಭವಿಸಿದ ಅಪಘಾತದವರೆಗೂ, ಪ್ರಯಾಣಿಕರ ಸೇವೆಯಲ್ಲಿ ಇದನ್ನು ಉಳಿಸಿಕೊಂಡಿದ್ದಿತು. ಬಾಂಗ್ಲಾದೇಶದ ಬಿಮಾನ್ ಸಂಸ್ಥೆಯೂ ತನ್ನ ಆರಂಭದ ವರ್ಷಗಳಲ್ಲಿ ಇದನ್ನೇ ಆಶ್ರಯಿಸಿತು.

ಭಾರತ

1953ರ ರಾಷ್ಟ್ರೀಕರಣದಿಂದ ಹುಟ್ಟಿದ ಇಂಡಿಯನ್ ಏರ್‌ಲೈನ್ಸ್ ಡಕೋಟಗಳ ಜಾಗದಲ್ಲಿ 1961ರಿಂದ ಫ್ರೆಂಡ್‌ಶಿಪ್ ವಿಮಾನಗಳನ್ನು ತಂದಿತು. ಇವುಗಳಲ್ಲಿ ಗಂಗಾ ಎಂಬ ಹೆಸರಿನ ವಿಮಾನ ಇತಿಹಾಸಪ್ರಸಿದ್ಧ. 1971ರ ಜನವರಿ 30ರಂದು ಶ್ರೀನಗರದಿಂದ ಜಮ್ಮುವಿಗೆ ಹೊರಟಿದ್ದ ಅದನ್ನು ಅಪಹರಿಸಿ ಲಾಹೋರಿಗೆ ಒಯ್ದು, ಪ್ರಯಾಣಿಕರನ್ನು ಇಳಿಸಿದ ಮೇಲೆ ಸುಟ್ಟುಹಾಕಿದರು. ಅದರ ಪರಿಣಾಮವಾಗಿ ಭಾರತವು ತನ್ನ ಆಕಾಶದ ಮೂಲಕ ಪೂರ್ವ ಮತ್ತು ಪಶ್ಚಿಮ ಪಾಕಿಸ್ತಾನಗಳ ನಡುವೆ ವಿಮಾನಗಳು ಹಾರುವುದನ್ನು ನಿಷೇಧಿಸಿತು. 1981ರಲ್ಲಿ ಸ್ಥಾಪಿತವಾದ ವಾಯುದೂತ ಸಂಸ್ಥೆಯೂ ಮುಂದೆ ಕೆಲವು ಫ್ರೆಂಡ್‌ಶಿಪ್ ವಿಮಾನಗಳನ್ನು ಓಡಿಸಿತು.

ಭಾರತದ ಸಂಗ್ರಾಹಕನು ಜೊತೆಜೊತೆಗೆ ಗಮನಿಸಲೇಬೇಕಾದ ವಿಮಾನ ಎಚ್.ಎಸ್.-748, ಜನರ ಬಾಯಲ್ಲಿ ಆವ್ರೋ. 1940ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದುಸ್ತಾನ್ ವಿಮಾನಕಾರ್ಖಾನೆಯೊಡನೆ ಮುಂದೆ ಒಂದೇ ಸಂಸ್ಥೆಯ ಅಂಗವಾದ ಕಾನ್ಪುರದ ಘಟಕದಲ್ಲಿ ಇದರ 89 ವಿಮಾನಗಳು ತಯಾರಾದುವು. ಅಲ್ಲಿ ಜೋಡಿಸಿದ ಮೊದಲ ವಿಮಾನ 1961ರ ನವೆಂಬರಿನಲ್ಲಿ ಹಾರಿತು. ಹೀಗಾಗಿ ಇಂಡಿಯನ್ ಏರ್‌ಲೈನ್ಸ್ ಎಂಬ ಒಂದೇ ಸಂಸ್ಥೆಯ ಬಣ್ಣದಲ್ಲಿ, ಒಂದೇ ಬಗೆಯ ಎಂಜಿನುಗಳುಳ್ಳ ಎರಡು ವಿಮಾನಗಳು ದೇಶದ ನಿಲ್ದಾಣಗಳಲ್ಲಿ ಕಾಣಿಸಿಕೊಂಡುವು. 1951ರಲ್ಲಿ ಆರಂಭವಾದ ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ 1981ರ ಆಗಸ್ಟಿನಲ್ಲಿ ಓಡುದಾರಿಯನ್ನು ಮೀರಿ ಹೋದ ವಿಮಾನ ಆವ್ರೋ ಜಾತಿಯದು. ಗುಡ್ಡದ ನೆತ್ತಿಯ ಮೇಲಿನ ಅಂಥ ನಿಲ್ದಾಣಗಳ ಚಿತ್ರವೇನಾದರೂ ಸಿಕ್ಕಿದಲ್ಲಿ, ರೆಕ್ಕೆ ಒಡಲಿನ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ನೋಡಿದರೆ ಸಾಕು, ಫೋಕರೋ ಆವ್ರೋವೋ ಎಂಬುದು ಇತ್ಯರ್ಥವಾಗುತ್ತದೆ. ಬೆಂಗಳೂರಿನ ಪ್ರಯಾಣಿಕ ವಿಮಾನಸಂಚಾರ 2008ರ ಮೇ ತಿಂಗಳವರೆಗೆ ಎಚ್.ಎ.ಎಲ್. ನಿಲ್ದಾಣದಿಂದಲೇ ನಡೆಯುತ್ತಿದ್ದುದರಿಂದ, ಅಲ್ಲಿಯ ಹಳೆಯ ಕಟ್ಟಡವನ್ನು ತೋರಿಸುವ ಕಾರ್ಡುಗಳು ವಿಮಾನಪ್ರಿಯರಿಗೂ ನಗರದ ಇತಿಹಾಸವನ್ನು ಅಭ್ಯಸಿಸುವವರಿಗೂ ಏಕಪ್ರಕಾರವಾಗಿ ಬೇಕಾದುವು.

ಚಿತ್ರದ ವಿಶ್ವಾಸಾರ್ಹತೆ

ಚಿತ್ರಕಾರ್ಡನ್ನು ದಾಖಲೆಯೆಂದು ಪರಿಗಣಿಸುವವನು ಅದರ ಹುಟ್ಟಿನ ಉದ್ದೇಶವನ್ನು ಮರೆಯಬಾರದು. ವಿಮಾನ ಕೈಸೇರುವ ಮೊದಲೇ ಪ್ರಚಾರ ಆರಂಭವಾಗಬೇಕಾಗಿದ್ದುದರಿಂದ, ಅನೇಕ ಸಂಸ್ಥೆಗಳು ಕಲಾವಿದರಿಂದ ಬಿಡಿಸಿದ ಚಿತ್ರವನ್ನೋ, ತಯಾರಕರು ಒದಗಿಸಿದ ಛಾಯಾಚಿತ್ರದ ಮೇಲೆ ತಮ್ಮ ಬಣ್ಣಗಳನ್ನು ಕುಂಚದಿಂದ ಬಳಿಸಿದ ಪ್ರತಿಯನ್ನೋ ಮುದ್ರಿಸುತ್ತಿದ್ದುವು. ಇಂಥ ಚಿತ್ರಗಳಲ್ಲಿ ನೋಂದಣಿಯ ಅಕ್ಷರಗಳು ಅಳಿಸಿರುತ್ತವೆ, ಇಲ್ಲವೆ ಯಾವ ವಿಮಾನಕ್ಕೂ ಸೇರದ ಅಕ್ಷರಗಳಿರುತ್ತವೆ. ಒಡಲಿನ ಬಣ್ಣದ ಪಟ್ಟಿ ಕಿಟಕಿಯ ಅಂಚಿನಲ್ಲಿ ಅಸಹಜವಾಗಿ ನೇರವಾಗಿರುತ್ತದೆ. ನೆರಳು ಒಂದು ದಿಕ್ಕಿಗಿದ್ದರೆ ಹೊಳಪು ಮತ್ತೊಂದು ದಿಕ್ಕಿಗಿರುತ್ತದೆ. ಸಂಸ್ಥೆ ನಿಜವಾಗಿ ಎಂದೂ ಬಳಸದೆಹೋದ ಬಣ್ಣದ ವಿನ್ಯಾಸವೂ ಹೀಗೆ ಕಾರ್ಡಿನಲ್ಲಿ ಮಾತ್ರ ಉಳಿದಿರಬಹುದು. ಅದು ಸುಳ್ಳೆಂದು ಎಸೆಯತಕ್ಕದ್ದಲ್ಲ. ವಿಮಾನದ ವಿಷಯದಲ್ಲಿ ಅದರ ಸಾಕ್ಷ್ಯ ನಿಲ್ಲದಿದ್ದರೂ ಸಂಸ್ಥೆಯ ಆಕಾಂಕ್ಷೆಯ ವಿಷಯದಲ್ಲಿ ನಿಲ್ಲುತ್ತದೆ.

ಮರುಮುದ್ರಣಗಳನ್ನು ಬೇರ್ಪಡಿಸುವುದಕ್ಕೆ ಭೂತಗನ್ನಡಿ ಅವಶ್ಯಕ. ನಿಜವಾದ ಛಾಯಾಚಿತ್ರದ ಕಾರ್ಡಿನಲ್ಲಿ ಬೂದುಬಣ್ಣ ಕಡಿವಿಲ್ಲದೆ ಹರಡಿರುತ್ತದೆ. ಆಫ್‌ಸೆಟ್ ಮುದ್ರಣದಲ್ಲಿ ನಾಲ್ಕು ಬಣ್ಣಗಳ ಸಣ್ಣ ಚುಕ್ಕೆಗಳು ಕ್ರಮವಾಗಿ ಹೆಣೆದುಕೊಂಡಿರುತ್ತವೆ. ಮುದ್ರಿತ ಕಾರ್ಡಿನಿಂದಲೇ ನಕಲು ತೆಗೆದು ಮತ್ತೆ ಮುದ್ರಿಸಿದುದರಲ್ಲಿ ಹಳೆಯ ಚುಕ್ಕೆಗಳ ಮೇಲೆ ಹೊಸ ಚುಕ್ಕೆಗಳು ಕುಳಿತು ಅಲೆಯಂಥ ಕಲೆಗಳೇಳುತ್ತವೆ.

ಮೌಲ್ಯ ಮತ್ತು ವಿನಿಮಯ

ಕಾರ್ಡಿನ ಬೆಲೆ ವಿಮಾನದ ಪ್ರಸಿದ್ಧಿಯನ್ನು ಅವಲಂಬಿಸುವುದಕ್ಕಿಂತ ಹೆಚ್ಚಾಗಿ ಸಂಸ್ಥೆಯ ಅಲ್ಪಾಯುಷ್ಯವನ್ನು ಅವಲಂಬಿಸುತ್ತದೆ. ದೊಡ್ಡ ಸಂಸ್ಥೆಗಳು ಹೇರಳವಾಗಿ ಮುದ್ರಿಸಿದ ಕಾರ್ಡುಗಳು ಇಂದಿಗೂ ಅಗ್ಗ. ಒಂದೆರಡು ವಿಮಾನಗಳಿಂದ ಕೆಲವೇ ವರ್ಷ ನಡೆದು ನಿಂತುಹೋದ ಸಂಸ್ಥೆಗಳ ಕಾರ್ಡು ಸಿಕ್ಕುವುದೇ ಕಷ್ಟ. ಮೂಲೆ ಮುರಿಯದ, ಮಡಿಕೆ ಬೀಳದ, ಬರಹವಿಲ್ಲದ ಕಾರ್ಡಿಗೆ ಸಾಮಾನ್ಯವಾಗಿ ಹೆಚ್ಚಿನ ಬೆಲೆ ದೊರೆಯುತ್ತದೆ. ಆದಾಗ್ಯೂ ಇತಿಹಾಸದೃಷ್ಟಿಯುಳ್ಳವನು ಬರೆದು ಕಳುಹಿಸಿದ ಕಾರ್ಡನ್ನೇ ಇಷ್ಟಪಡುತ್ತಾನೆ. ಹೊರಟ ಹೊತ್ತು, ಕುಲುಕಾಟ, ಎಂಜಿನಿನ ಸಿಳ್ಳು, ಕೊಟ್ಟ ತಿಂಡಿ ಮೊದಲಾದುವನ್ನು ಕುರಿತು ಪ್ರಯಾಣಿಕನು ಅವಸರದಲ್ಲಿ ಗೀಚಿದ ನಾಲ್ಕು ಸಾಲು ಸಂಸ್ಥೆಯ ಯಾವ ವರದಿಯಲ್ಲಿಯೂ ದೊರೆಯದ ಮಾಹಿತಿ.

ಅಮೆರಿಕದ ವರ್ಲ್ಡ್ ಏರ್‌ಲೈನ್ ಹಿಸ್ಟಾರಿಕಲ್ ಸೊಸೈಟಿ ಹೊರಡಿಸುವ ಕ್ಯಾಪ್ಟನ್ಸ್ ಲಾಗ್ ಎಂಬ ಪತ್ರಿಕೆ ಚಿತ್ರಕಾರ್ಡುಗಳಿಗೂ ಸ್ಥಾನವನ್ನು ಕೊಡುತ್ತ ಬಂದಿದೆ. ಏರ್‌ಲೈನರ್ಸ್ ಇಂಟರ್‌ನ್ಯಾಷನಲ್ ಎಂಬ ಸಮ್ಮೇಳನದಲ್ಲಿ ಕ್ರಯವಿಕ್ರಯವೂ ವಿನಿಮಯವೂ ನಡೆಯುತ್ತವೆ. ಇತ್ತೀಚಿನ ವರ್ಷಗಳಲ್ಲಿ ಅಂತರರಾಷ್ಟ್ರೀಯ ಅಂಚೆಚೀಟಿ ಪ್ರದರ್ಶನಗಳು ಚಿತ್ರಕಾರ್ಡುಗಳಿಗೆ ಪ್ರತ್ಯೇಕ ವರ್ಗವನ್ನು ಕಲ್ಪಿಸಿವೆ. ಕರ್ನಾಟಕದಲ್ಲಿ ಕರ್ನಾಪೆಕ್ಸ್ ಅಂಚೆಚೀಟಿ ಪ್ರದರ್ಶನದ ಸಂದರ್ಭಗಳೂ ಹಳೆಯ ಪುಸ್ತಕದ ಅಂಗಡಿಗಳೂ ಸಂಗ್ರಾಹಕರು ಸಂಧಿಸುವ ಸ್ಥಳಗಳು.

ಸಂರಕ್ಷಣೆ

ಕಾಗದಕ್ಕೆ ಬೆಳಕು, ತೇವ, ಆಮ್ಲ, ಕೀಟ ಇವು ನಾಲ್ಕು ಶತ್ರುಗಳು. ಬಿಸಿಲಿಗೆ ಒಡ್ಡಿದ ಮುದ್ರಿತ ಕಾರ್ಡಿನಲ್ಲಿ ಹಳದಿಯೂ ಕೆಂಪೂ ಮೊದಲು ಮಾಸಿ, ಚಿತ್ರವೆಲ್ಲ ನೀಲಿಗೆ ತಿರುಗುತ್ತದೆ. ಹ್ಯೂಸ್ ಏರ್‌ವೆಸ್ಟಿನಂಥ ಹಳದಿ ವಿಮಾನದ ಕಾರ್ಡಿಗೆ ಇದರಿಂದಾಗುವ ಹಾನಿಯನ್ನು ವಿವರಿಸಬೇಕಾಗಿಲ್ಲ. ಮೆತ್ತನೆಯ ಪಿ.ವಿ.ಸಿ. ಹಾಳೆಯ ಆಲ್ಬಮ್ಮುಗಳಿಂದ ಒಸರುವ ದ್ರವ್ಯ ಕಾರ್ಡಿನ ಹೊಳಪನ್ನು ಅಂಟಾಗಿಸುವುದರಿಂದ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಲಕೋಟೆಗಳನ್ನೇ ಬಳಸಬೇಕು. ಗೋಂದು, ಅಂಟುಪಟ್ಟಿ, ತುಕ್ಕುಹಿಡಿಯುವ ಪಿನ್ನುಗಳು ವರ್ಜ್ಯ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಗಾಲದ ನಾಲ್ಕು ತಿಂಗಳು ಬೂಷ್ಟಿನ ಭಯವಿರುವುದರಿಂದ, ಹೊರಗೋಡೆಗೆ ತಗುಲಿದ ಬೀರುವಿನಲ್ಲಿ ಸಂಗ್ರಹವನ್ನಿಡದೆ, ತೇವವನ್ನು ಹೀರುವ ಸಿಲಿಕಾ ಹರಳಿನ ಪೊಟ್ಟಣಗಳೊಡನೆ ಮುಚ್ಚಿದ ಪೆಟ್ಟಿಗೆಯಲ್ಲಿರಿಸಿ, ಬಿಸಿಲು ಬಿದ್ದ ದಿನಗಳಲ್ಲಿ ನೆರಳಿನ ಗಾಳಿಗೆ ತೆರೆದಿಡುವುದು ಯುಕ್ತ.

ಜೋಡಣೆಯ ಕ್ರಮ

ಕೆಲವರು ದೇಶಾನುಸಾರವಾಗಿಯೂ ಕೆಲವರು ಸಂಸ್ಥೆಗಳ ಹೆಸರಿನ ಅಕಾರಾದಿಯಾಗಿಯೂ ಕಾರ್ಡುಗಳನ್ನು ಜೋಡಿಸುತ್ತಾರೆ. ಒಂದೇ ಜಾತಿಯ ವಿಮಾನಕ್ಕೆ ಮೀಸಲಾದ ಸಂಗ್ರಹದಲ್ಲಿ ಹೆಚ್ಚು ಪ್ರಯೋಜನಕರವಾದ ಕ್ರಮವೆಂದರೆ ಕಾರ್ಖಾನೆ ಕೊಟ್ಟ ನಿರ್ಮಾಣಸಂಖ್ಯೆಯನ್ನು ಅನುಸರಿಸುವುದು. ಹಾಗೆ ಮಾಡಿದಾಗ, ಬೇರೆಬೇರೆ ದೇಶಗಳ, ಬೇರೆಬೇರೆ ಬಣ್ಣಗಳ, ಒಂದಕ್ಕೊಂದು ಸಂಬಂಧವಿಲ್ಲವೆಂದು ತೋರುತ್ತಿದ್ದ ಎರಡು ಮೂರು ಕಾರ್ಡುಗಳು ಒಂದೇ ವಿಮಾನದ ಜೀವನದ ಬೇರೆಬೇರೆ ಘಟ್ಟಗಳೆಂಬುದು ಗೊತ್ತಾಗುತ್ತದೆ. ಫೋಕರ್ ಸಂಸ್ಥೆ 1996ರ ಮಾರ್ಚಿಯಲ್ಲಿ ದಿವಾಳಿಯಾಯಿತು. ಅದರ ಗಿರಾಕಿಗಳಾಗಿದ್ದ ಸಣ್ಣ ಸಂಸ್ಥೆಗಳಲ್ಲಿ ಎಷ್ಟೋ ತಮ್ಮ ಕಡತಗಳನ್ನು ಉಳಿಸದೆಯೇ ಮುಚ್ಚಿದುವು. ಆದುದರಿಂದ ಪ್ರತಿ ಕಾರ್ಡಿನ ಎರಡೂ ಬದಿಗಳ ಪ್ರತಿಯನ್ನು ತೆಗೆದು, ನೋಂದಣಿ, ಪ್ರಕಾಶಕ, ಅಳತೆ, ಠಸ್ಸೆ, ಒಕ್ಕಣೆ ಇವುಗಳನ್ನು ಪಟ್ಟಿಮಾಡಿ, ಚಿತ್ರದಿಂದ ತಿಳಿದುದನ್ನೂ ಊಹಿಸಿದುದನ್ನೂ ಬೇರೆಬೇರೆಯಾಗಿ ನಮೂದಿಸಿಡುವುದು ಸಂಗ್ರಾಹಕನ ಕರ್ತವ್ಯ. ಹಾಗೆ ಸಿದ್ಧವಾದ ಪಟ್ಟಿ ಮುಂದಿನ ಇತಿಹಾಸಕಾರನಿಗೆ ಕಾರ್ಡಿನಷ್ಟೇ ಉಪಯುಕ್ತವಾಗುತ್ತದೆ.